ಮುಟ್ಟಿ ತಿಳಿಯುವ ವೈದ್ಯ: ಆಂಡ್ರ್ಯೂ ಸ್ಟಿಲ್ ಮತ್ತು ಆಸ್ಟಿಯೋಪಥಿ

ಆಸ್ಟಿಯೋಪಥಿ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹುಟ್ಟಿದ ವೈದ್ಯ ಪದ್ಧತಿ. ಮೂಳೆ, ಕೀಲು, ಸ್ನಾಯುಗಳನ್ನು ಮುಟ್ಟಿ ನೋಡಿ ತೊಂದರೆ ಎಲ್ಲಿದೆ ಎಂದು ಗುರುತಿಸುವುದು, ಬಿಗಿದದ್ದನ್ನು ಕೈಯಿಂದಲೇ ಸಡಿಲಿಸುವುದು ಅದರ ಕ್ರಮ. ನೋವಿರುವ ಜಾಗವನ್ನಷ್ಟೇ ಅಲ್ಲದೆ ಇಡೀ ಮನುಷ್ಯನನ್ನು ಗಮನಿಸಿ ಚಿಕಿತ್ಸೆ ಕೊಡಬೇಕೆಂಬುದು ಅದರ ತಿರುಳು. ಇದನ್ನು ರೂಪಿಸಿದವರು ಆಂಡ್ರ್ಯೂ ಟೇಲರ್ ಸ್ಟಿಲ್ (1828–1917).

ಸ್ಟಿಲ್ ಹುಟ್ಟಿದ್ದು ವರ್ಜೀನಿಯಾದಲ್ಲಿ. ತಂದೆ ಮೆಥಡಿಸ್ಟ್ ಪಾದ್ರಿ, ಜೊತೆಗೆ ವೈದ್ಯರೂ ಹೌದು. ಅಂದಿನ ರೂಢಿಯಂತೆ ಮಗ ತಂದೆಯ ಕೈಕೆಳಗೇ ವೈದ್ಯ ವೃತ್ತಿ ಕಲಿತರು. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಅವರು ಅಂತರ್ಯುದ್ಧದಲ್ಲಿ ಒಕ್ಕೂಟದ ಪಕ್ಷದಲ್ಲಿ ಸೇವೆ ಸಲ್ಲಿಸಿದರು. ಪಾದರಸದಿಂದ ಮಾಡಿದ ಕ್ಯಾಲೊಮೆಲ್, ಅಫೀಮು, ವಿಸ್ಕಿ, ಮೈಯಿಂದ ರಕ್ತ ತೆಗೆಯುವುದು, ಇವು ಆ ಕಾಲದ ಮುಖ್ಯ ಚಿಕಿತ್ಸೆಗಳು. ಕ್ಯಾಲೊಮೆಲ್ ಸೇವಿಸಿದವರ ವಸಡು ಊದಿ ಹಲ್ಲು ಉದುರುವುದು ಸಾಮಾನ್ಯವಾಗಿತ್ತು. 1864ರಲ್ಲಿ ಮೆದುಳಿನ ಪೊರೆಯ ಸೋಂಕು, ಅಂದರೆ ಮೆನಿಂಜೈಟಿಸ್, ಸ್ಟಿಲ್ ಅವರ ಮೂವರು ಮಕ್ಕಳನ್ನು ಬಲಿ ತೆಗೆದುಕೊಂಡಿತು. ತಿಳಿದವರೆಲ್ಲ ಬಂದು ನೋಡಿದರೂ ಪ್ರಯೋಜನವಾಗಲಿಲ್ಲ. ಔಷಧಗಳ ಮೇಲಿನ ಅವರ ನಂಬಿಕೆ ಅಲ್ಲಿಗೆ ಕಳಚಿಬಿತ್ತು.

ಆಮೇಲಿನ ಹತ್ತು ವರ್ಷ ಅವರು ಅಂಗರಚನಾಶಾಸ್ತ್ರದ ಬೆನ್ನು ಹತ್ತಿದರು. ಒಂದೊಂದು ಮೂಳೆಯನ್ನೂ ಕಣ್ಣು ಮುಚ್ಚಿ ಮುಟ್ಟಿದರೂ ಗುರುತು ಹಿಡಿಯುವಷ್ಟು ಪಳಗಿದರು. ಬಾಲ್ಯದ ಒಂದು ಅನುಭವವನ್ನೂ ಆತ್ಮಕಥೆಯಲ್ಲಿ ಅವರು ನೆನೆದಿದ್ದಾರೆ. ಹತ್ತು ವರ್ಷದ ಹುಡುಗನಾಗಿದ್ದಾಗ ತಲೆನೋವು ತಾಳಲಾರದೆ ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಅದು ನೆಲದಿಂದ ಸ್ವಲ್ಪವೇ ಮೇಲಿರುವಂತೆ ಇಳಿಸಿ, ಅದರ ಮೇಲೆ ಕಂಬಳಿಯ ತುದಿ ಹಾಕಿ, ಕತ್ತನ್ನು ಆನಿಸಿ ಮಲಗಿದರಂತೆ. ಎದ್ದಾಗ ನೋವು ಹೋಗಿತ್ತು. ಕತ್ತಿನ ನರ, ರಕ್ತನಾಳಗಳ ಮೇಲೆ ಬಿದ್ದ ಆ ಒತ್ತಡವೇ ಗುಣವಾಗಲು ಕಾರಣ ಎಂದು ದೊಡ್ಡವರಾದ ಮೇಲೆ ಅವರು ಅರ್ಥಮಾಡಿಕೊಂಡರು. ತಮ್ಮ ಹೊಸ ಪದ್ಧತಿಯನ್ನು ಅವರು ಸಾರಿದ್ದು 1874ರ ಜೂನ್ 22ರಂದು. ಕ್ಯಾನ್ಸಸ್‌ನ ಬಾಲ್ಡ್‌ವಿನ್‌ನಲ್ಲಿದ್ದ ವಿಶ್ವವಿದ್ಯಾಲಯ ಅದನ್ನು ವಿವರಿಸಲು ಅವಕಾಶ ಕೊಡಲಿಲ್ಲ. ಆ ಸಂಸ್ಥೆ ಕಟ್ಟಲು ನೆರವಾದವರಲ್ಲಿ ಸ್ಟಿಲ್ ಮನೆತನದವರೂ ಇದ್ದರು. ಕೊನೆಗೆ ಅವರು ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ನೆಲೆ ನಿಂತರು.

ಸ್ಟಿಲ್ ಅವರ ವಿಚಾರ ಮೂರು ಮಾತಿನ ಮೇಲೆ ನಿಂತಿದೆ. ಮೊದಲನೆಯದು, ದೇಹ, ಮನಸ್ಸು, ಆತ್ಮ ಸೇರಿ ಮನುಷ್ಯ. ಇವುಗಳನ್ನು ಬಿಡಿಬಿಡಿಯಾಗಿ ನೋಡಲಾಗದು. ಎರಡನೆಯದು, ತನ್ನನ್ನು ತಾನು ಕಾಯ್ದುಕೊಳ್ಳುವ, ಗುಣಪಡಿಸಿಕೊಳ್ಳುವ ಶಕ್ತಿ ದೇಹಕ್ಕೇ ಇದೆ. ಬೇಕಾದ ಮದ್ದನ್ನೆಲ್ಲ ದೇವರು ಒಳಗೇ ಇಟ್ಟಿದ್ದಾನೆ ಎಂಬುದು ಅವರ ದೃಢ ನಂಬಿಕೆ. ಮೂರನೆಯದು, ದೇಹದ ರಚನೆಗೂ ಅದರ ಕೆಲಸಕ್ಕೂ ಬಿಡದ ನಂಟು. ಕೀಲು ಜಾಗ ತಪ್ಪಿದರೆ ಅಥವಾ ಸ್ನಾಯು ಬಿಗಿದರೆ ರಕ್ತದ ಹರಿವಿಗೂ ನರದ ಸಂದೇಶಕ್ಕೂ ತಡೆಯಾಗುತ್ತದೆ, ರೋಗ ಶುರುವಾಗುವುದು ಅಲ್ಲಿಂದಲೇ. ಹಾಗಾಗಿ ವೈದ್ಯನ ಕೆಲಸ ಆ ತಡೆಯನ್ನು ತೆಗೆಯುವುದು. ಮಿಕ್ಕಿದ್ದನ್ನು ದೇಹ ನೋಡಿಕೊಳ್ಳುತ್ತದೆ.

ಸೊಂಟನೋವಿನ ರೋಗಿಯೊಬ್ಬರನ್ನು ಆಸ್ಟಿಯೋಪಥಿಯ ವೈದ್ಯ ಪರೀಕ್ಷಿಸುವ ಕ್ರಮದಲ್ಲಿ ಈ ವಿಚಾರ ಕಾಣುತ್ತದೆ. ಮೊದಲು ನಿಲುವು, ನಡಿಗೆ, ಉಸಿರಾಟವನ್ನು ಗಮನಿಸುತ್ತಾರೆ. ಕೆಲಸ, ನಿದ್ದೆ, ಚಿಂತೆ, ಹಿಂದೆ ಬಿದ್ದು ಪೆಟ್ಟಾದದ್ದು ಎಲ್ಲವನ್ನೂ ಕೇಳುತ್ತಾರೆ. ಎಂದೋ ಉಳುಕಿದ ಕಣಕಾಲಿನಿಂದ ನಡಿಗೆ ವಾಲಿ, ಭಾರ ಒಂದೇ ಕಡೆಗೆ ಬಿದ್ದು ಸೊಂಟ ಹಿಡಿದಿರಬಹುದು. ಬೆರಳ ತುದಿಯಿಂದ ಬೆನ್ನೆಲುಬಿನ ಎರಡೂ ಬದಿ ಮುಟ್ಟುತ್ತಾ ಎಲ್ಲಿ ಬಿಗಿ, ಎಲ್ಲಿ ಬಿಸಿ, ಯಾವ ಕೀಲು ಎಷ್ಟು ಆಡುತ್ತದೆ ಎಂದು ನೋಡುತ್ತಾರೆ. ಚಿಕಿತ್ಸೆಯಲ್ಲಿ ಹಲವು ಬಗೆ. ಒಂದು ಬಗೆಯಲ್ಲಿ ರೋಗಿ ವೈದ್ಯರ ಕೈಗೆ ಎದುರಾಗಿ ಮೆಲ್ಲಗೆ ಒತ್ತಬೇಕು; ಕೆಲವು ಸೆಕೆಂಡು ಹಾಗೇ ಹಿಡಿದು ಮೈ ಸಡಿಲ ಬಿಟ್ಟಾಗ ಸ್ನಾಯು ಮೊದಲಿಗಿಂತ ಹೆಚ್ಚು ಚಾಚಿಕೊಳ್ಳುತ್ತದೆ. ಇನ್ನೊಂದರಲ್ಲಿ ಕೀಲಿಗೆ ಥಟ್ಟನೆ ಒಂದು ಚಿಕ್ಕ ತಳ್ಳು ಕೊಡುತ್ತಾರೆ.

ಕರ್ಕ್ಸ್‌ವಿಲ್‌ನಲ್ಲಿ ಸ್ಟಿಲ್ 1892ರಲ್ಲಿ ಶಾಲೆ ತೆರೆದರು. ಎಡಿನ್‌ಬರೋದಲ್ಲಿ ಓದಿದ ವಿಲಿಯಂ ಸ್ಮಿತ್ ಅಲ್ಲಿ ಅಂಗರಚನೆ ಕಲಿಸಿದರು. ಮಹಿಳೆಯರಿಗೆ ವೈದ್ಯ ಕಾಲೇಜುಗಳ ಬಾಗಿಲು ಸುಲಭವಾಗಿ ತೆರೆಯದಿದ್ದ ಆ ದಿನಗಳಲ್ಲಿ ಮೊದಲ ತಂಡದಲ್ಲೇ ಅವರಿಗೆ ಪ್ರವೇಶ ಸಿಕ್ಕಿತು. ರೋಗಿಗಳು ರೈಲಿನಲ್ಲಿ ದೂರದೂರದಿಂದ ಬರತೊಡಗಿದರು. 1896ರಲ್ಲಿ ವರ್ಮಾಂಟ್ ರಾಜ್ಯ ಆಸ್ಟಿಯೋಪಥಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಲಂಡನ್ನಿನಲ್ಲಿ ಸ್ಟಿಲ್ ಅವರ ಶಿಷ್ಯ ಜಾನ್ ಮಾರ್ಟಿನ್ ಲಿಟಲ್‌ಜಾನ್ 1917ರಲ್ಲಿ ಶಾಲೆ ಸ್ಥಾಪಿಸಿದರು.

ಸ್ಟಿಲ್ ಹೇಳಿದ್ದೆಲ್ಲವೂ ಪರೀಕ್ಷೆಯಲ್ಲಿ ಉಳಿಯಲಿಲ್ಲ. ಹೆಚ್ಚುಕಡಿಮೆ ಎಲ್ಲ ರೋಗಕ್ಕೂ ಮೂಳೆಯ ಸ್ಥಾನವೇ ಮೂಲ ಎಂಬ ಮಾತು ರೋಗಾಣುಗಳ ಅರಿವು ಬೆಳೆದಂತೆ ಬಿದ್ದುಹೋಯಿತು. ಔಷಧ, ಲಸಿಕೆಗಳ ಬಗೆಗಿನ ಅವರ ಹಗೆಯನ್ನು ಶಿಷ್ಯರೇ ಕೈಬಿಟ್ಟರು. ತಲೆಬುರುಡೆಯ ಮೂಳೆಗಳನ್ನು ಹಗುರವಾಗಿ ಒತ್ತಿ ಗುಣಪಡಿಸುವ ಶಾಖೆಯೊಂದು ಆಮೇಲೆ ಬೆಳೆಯಿತು. ಅದಕ್ಕೆ ಗಟ್ಟಿ ಆಧಾರವಿಲ್ಲ. ಸೊಂಟನೋವಿನ ವಿಷಯ ಬೇರೆ. ಹೊಸದಾಗಿ ಕಾಣಿಸಿಕೊಂಡ ಸೊಂಟನೋವಿಗೆ ಔಷಧಕ್ಕಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಬೆನ್ನೆಲುಬಿನ ಕೈಚಿಕಿತ್ಸೆಯನ್ನೂ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಸೇರಿಸಿತು. ಮೂಳೆ ಸವೆತ, ಮುರಿತ, ಕ್ಯಾನ್ಸರ್ ಇರುವವರಿಗೆ ಬಲವಾದ ತಳ್ಳು ಅಪಾಯಕಾರಿ.

ಇಂದು ಈ ಪದ್ಧತಿ ಎರಡು ಕವಲಾಗಿದೆ. ಅಮೆರಿಕದಲ್ಲಿ ಡಿ.ಒ. ಪದವಿ ಪಡೆದವರು ಎಂ.ಡಿ. ವೈದ್ಯರಂತೆಯೇ ಔಷಧ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಕೈಚಿಕಿತ್ಸೆ ಅವರ ಹೆಚ್ಚುವರಿ ಕಲಿಕೆ. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಡಿ ನೋಂದಾಯಿತರಾದ ಆಸ್ಟಿಯೋಪಥರದು ಬೇರೆಯೇ ವೃತ್ತಿ. ಅವರು ಮುಖ್ಯವಾಗಿ ಕೈಚಿಕಿತ್ಸೆ ನಡೆಸುತ್ತಾರೆ. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋದ ಕನ್ನಡಿಗರು ಅಲ್ಲಿನ ಆಸ್ಪತ್ರೆಯ ಫಲಕದಲ್ಲಿ ಹೆಸರಿನ ಮುಂದೆ ಡಿ.ಒ. ಎಂದು ಕಂಡರೆ ಅನುಮಾನಿಸಬೇಕಿಲ್ಲ, ಅವರು ಪೂರ್ಣ ಪ್ರಮಾಣದ ವೈದ್ಯರೇ. ಬೇರೆ ದೇಶಗಳಲ್ಲಿ ಮಾತ್ರ ಚಿಕಿತ್ಸೆಗೆ ಮೈ ಒಡ್ಡುವ ಮೊದಲು ಆಸ್ಟಿಯೋಪಥರ ಓದು, ನೋಂದಣಿ ಏನೆಂದು ಕೇಳಿ ತಿಳಿಯುವುದು ಒಳ್ಳೆಯದು.