ಮನೆಯೊಳಗಣ ತಂತಿಜಾಲ: ಶಾಸನ ಛಾಯಾಚಿತ್ರಗಳ ಸಂರಕ್ಷಣೆಯ ದೃಷ್ಟಿಯಿಂದ

ಶಾಸನಗಳ ಪಡಿಯಚ್ಚು ತೆಗೆಯುವ ಪದ್ಧತಿಯು ಇಂದಿಗೂ ನಿಂತಿಲ್ಲವಾದರೂ, ಅದರೊಡನೆ ಛಾಯಾಚಿತ್ರಗಳನ್ನು ತೆಗೆದು ಗಣಕದಲ್ಲಿ ಕೂಡಿಡುವುದು ಕ್ಷೇತ್ರಕಾರ್ಯದ ಒಂದು ಅಂಗವಾಗಿ ಪರಿಣಮಿಸಿದೆ. ರೋಣದ ಪರಿಸರವು ಇಂತಹ ಕಾರ್ಯಕ್ಕೆ ವಿಪುಲ ಅವಕಾಶವುಳ್ಳದ್ದು. ಗಜೇಂದ್ರಗಡಕ್ಕೆ ಸಮೀಪದ ಸೂಡಿಯು, ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಚಾಲುಕ್ಯ ರಾಜಪುತ್ರಿ ಅಕ್ಕಾದೇವಿಯ ಹೆಸರಿನೊಡನೆ ಬೆಸೆದುಕೊಂಡಿದೆ. ಅಲ್ಲಿಯ ಶಾಸನಗಳನ್ನು ಎಲ್. ಡಿ. ಬಾರ್ನೆಟ್ಟರು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿದ್ದಾರೆ. ಆದರೆ ಕಲ್ಲು ಸವೆಯುತ್ತದೆ. ಹೊಸ ಛಾಯಾಚಿತ್ರವು ಹಳೆಯ ಪಾಠವನ್ನು ಪರಿಶೀಲಿಸಲು ಅನೇಕ ವೇಳೆ ಏಕೈಕ ಸಾಧನವಾಗುತ್ತದೆ.

ಇಂತಹ ಚಿತ್ರಗಳನ್ನು ಕಾಪಾಡುವಲ್ಲಿ ಈ ಲೇಖಕನಿಗೆ ಒಮ್ಮೆ ನಷ್ಟವುಂಟಾಯಿತು. ಒಂದು ಹಳ್ಳಿಯ ಗುಡಿಯ ಮುಂದಿನ ಕಲ್ಲನ್ನು ಓರೆ ಬೆಳಕಿನಲ್ಲಿ ಚಿತ್ರಿಸಿ, ರೋಣದ ಮನೆಯಲ್ಲಿ ವೈಫೈ ಮೂಲಕ ಒಂದು ಗಣಕದಿಂದ ಇನ್ನೊಂದಕ್ಕೆ ಸಾಗಿಸಲಾಯಿತು. ನಡುವೆ ಸಂಪರ್ಕವು ಕಡಿದು ಕೊನೆಯ ಕೆಲವು ಕಡತಗಳು ಅರ್ಧಕ್ಕೇ ನಿಂತುದು ಗಮನಕ್ಕೆ ಬರಲಿಲ್ಲ. ಮೂಲವನ್ನು ಅಳಿಸಿ ಹಾಕಿದ ಬಳಿಕ ದೋಷವು ತಿಳಿದುಬಂದಿತು. ಮರಳಿ ಹೋಗಿ ನೋಡಿದಾಗ ಆ ಕಲ್ಲಿಗೆ ಜಾತ್ರೆಯ ನಿಮಿತ್ತ ದಪ್ಪನಾಗಿ ಸುಣ್ಣ ಬಳಿದಿದ್ದರು. ಕೆಳಗಿನ ಮೂರು ಸಾಲುಗಳ ಪಾಠವು ಹೀಗೆ ಕೈತಪ್ಪಿತು. ಪ್ರಸ್ತುತ ಲೇಖನವು ಈ ಅನುಭವದಿಂದ ಹುಟ್ಟಿದುದು.

ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳ ಗೋಡೆಗಳು ಕಲ್ಲುಮಣ್ಣಿನಿಂದ ಕಟ್ಟಿದ, ಬಹಳ ದಪ್ಪನಾದ ಗೋಡೆಗಳು. ಬೇಸಗೆಯಲ್ಲಿ ಮನೆಯನ್ನು ತಂಪಾಗಿಡುವ ಅದೇ ಗೋಡೆಯು ರೇಡಿಯೋ ಅಲೆಗಳನ್ನು ಕ್ಷೀಣಗೊಳಿಸುತ್ತದೆ. ಪಡಸಾಲೆಯಲ್ಲಿ ಚೆನ್ನಾಗಿರುವ ವೈಫೈ ಒಳಕೋಣೆಯನ್ನು ಸೇರುವಷ್ಟರಲ್ಲಿ ದುರ್ಬಲವಾಗುವುದಕ್ಕೆ ಇದೇ ಕಾರಣ. ತಂತಿಗೆ ಈ ತೊಡಕಿಲ್ಲ.

ತಂತಿಜಾಲದ ಇತಿಹಾಸವೂ ಸ್ವಾರಸ್ಯಕರವಾಗಿದೆ. ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದರೆ ಹೊರಗಿನ ವಿದ್ಯುತ್ ಕ್ಷೋಭೆಯು ಎರಡರ ಮೇಲೂ ಸಮನಾಗಿ ಬಿದ್ದು ಪರಸ್ಪರ ರದ್ದಾಗುತ್ತದೆಂಬ ತತ್ತ್ವಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು 1881ರಲ್ಲಿಯೇ ಪೇಟೆಂಟು ಪಡೆದಿದ್ದನು. ಈಥರ್ನೆಟ್ಟು 1973ರಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದಲ್ಲಿ ರೂಪುಗೊಂಡಿತು. 1983ರಲ್ಲಿ ಅದರ ಪ್ರಮಾಣಸೂತ್ರವು ಅಂಗೀಕೃತವಾಯಿತು. ಹೆಣೆದ ತಾಮ್ರದ ತಂತಿಯ ಮೇಲೆ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ವಿಧಿಸಿದ ಪ್ರಮಾಣಸೂತ್ರವು 1999ರಲ್ಲಿ ಬಂದಿತು.

ಈ ವೇಗದ ಪ್ರಯೋಜನವನ್ನು ಲೆಕ್ಕದಿಂದ ತಿಳಿಯಬಹುದು. ಎಂಟು ಬಿಟ್ಟುಗಳಿಗೆ ಒಂದು ಬೈಟ್ ಆದುದರಿಂದ 100 ಮೆಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್, ಗಿಗಾಬಿಟ್ ಜಾಲದಲ್ಲಿ 125 ಮೆಗಾಬೈಟ್ ಸಾಗುತ್ತದೆ. 90 ಗಿಗಾಬೈಟ್ ಚಿತ್ರಗಳಿಗೆ ಮೊದಲನೆಯದರಲ್ಲಿ 2 ಗಂಟೆ, ಎರಡನೆಯದರಲ್ಲಿ 12 ನಿಮಿಷ ಬೇಕು. ವ್ಯವಹಾರದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಇದು ಮನೆಯೊಳಗಿನ ವೇಗ. ಹೊರಗಿನ ಇಂಟರ್ನೆಟ್ ಸಂಪರ್ಕವು ನಿಧಾನವಾಗಿದ್ದರೂ ಇದಕ್ಕೆ ಬಾಧೆಯಿಲ್ಲ.

ಜಾಲವನ್ನು ಹಾಕುವ ಕ್ರಮವು ಇಂತಿದೆ. ಕ್ಯಾಟ್ 6 ಕೇಬಲ್ಲನ್ನು ಕೊಳ್ಳುವಾಗ ಅದು ಅಪ್ಪಟ ತಾಮ್ರದ್ದೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅಲ್ಯುಮಿನಿಯಮಿನ ಮೇಲೆ ತಾಮ್ರವನ್ನು ಲೇಪಿಸಿದ ಅಗ್ಗದ ಕೇಬಲ್ಲು ಪ್ರಮಾಣಸೂತ್ರಕ್ಕೆ ಒಪ್ಪುವುದಿಲ್ಲ. ಒಂದು ಎಳೆಯ ಒಟ್ಟು ಉದ್ದವು 100 ಮೀಟರನ್ನು ಮೀರಬಾರದು. ವಿದ್ಯುತ್ ತಂತಿಯ ಪೈಪಿನಲ್ಲಿ ಇದನ್ನು ತೂರಿಸದೆ ಬೇರೆ ಪೈಪಿನಲ್ಲಿ, ಜಂತಿಗಳ ಪಕ್ಕದಲ್ಲಿ ಒಯ್ಯಬಹುದು. ವಿದ್ಯುತ್ ತಂತಿಯನ್ನು ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಬೇಕು. ಬೇರೆ ಬೇರೆ ಕಟ್ಟಡಗಳನ್ನು ಜೋಡಿಸುವುದಾದರೆ ಸಿಡಿಲಿನ ಭಯವಿರುವುದರಿಂದ ತಾಮ್ರದ ಬದಲು ಗಾಜಿನ ಎಳೆಯ ಆಪ್ಟಿಕಲ್ ಫೈಬರೇ ಲೇಸು. ಎಲ್ಲ ಎಳೆಗಳೂ ಗಿಗಾಬಿಟ್ ಸ್ವಿಚ್ಚಿಗೆ ಬಂದು ಸೇರಬೇಕು.

ಕೇಬಲ್ಲಿನಲ್ಲಿ ನಾಲ್ಕು ಜೋಡಿಗಳು, ಅಂದರೆ ಎಂಟು ತಂತಿಗಳಿರುತ್ತವೆ. ‘ಟಿ568ಬಿ’ ಕ್ರಮದಂತೆ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಎರಡು ತುದಿಗಳಲ್ಲೂ ಒಂದೇ ರೀತಿ ಜೋಡಿಸಬೇಕು. ಹೆಣಿಗೆಯನ್ನು ತುದಿಯಲ್ಲಿ ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಲಾಗದು.

ಇನ್ನು ಪರೀಕ್ಷೆ. ದೀಪಗಳುಳ್ಳ ಚಿಕ್ಕ ಪರೀಕ್ಷಾಯಂತ್ರವು ತಂತಿಯು ಕಡಿದಿಲ್ಲವೆಂಬುದನ್ನು ಮಾತ್ರ ತಿಳಿಸುತ್ತದೆ. ಎರಡೂ ತುದಿಗಳಲ್ಲಿ ಒಂದೇ ತಪ್ಪು ಕ್ರಮವಿದ್ದು ಜೋಡಿಗಳು ಒಡೆದಿದ್ದರೂ ದೀಪಗಳು ಸರಿಯಾಗಿಯೇ ಬೆಳಗುತ್ತವೆ; ಆದುದರಿಂದ ಬಣ್ಣಗಳನ್ನು ಕಣ್ಣಾರೆ ನೋಡಬೇಕು. ಬಳಿಕ ಗಣಕವು ತೋರಿಸುವ ಸಂಪರ್ಕವೇಗವನ್ನು ನೋಡತಕ್ಕದ್ದು. 100 ಮೆಗಾಬಿಟ್ಟಿಗೆ ಎರಡು ಜೋಡಿಗಳು ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಆದಕಾರಣ 1000ದ ಬದಲು 100 ಕಂಡುಬಂದರೆ ನೀಲಿ ಅಥವಾ ಕಂದು ಜೋಡಿಯ ಒಂದು ತಂತಿಯು ಸೇರಿಲ್ಲದಿರಬಹುದು, ಅಥವಾ ಒಂದು ಉಪಕರಣವೇ ಹಳೆಯದಾಗಿರಬಹುದು. ಮೂರನೆಯದಾಗಿ, ‘ಐಪರ್ಫ್ 3’ ಎಂಬ ಉಚಿತ ಸಾಧನದಿಂದ ಎರಡು ದಿಕ್ಕುಗಳಲ್ಲೂ ಅಳೆಯಬೇಕು. ಸಾಗಣೆಯ ತಲೆಬರಹಗಳಿಗೆ ಒಂದಂಶವು ವ್ಯಯವಾಗುವುದರಿಂದ 940 ಮೆಗಾಬಿಟ್ಟಿನ ಆಸುಪಾಸು ಬಂದರೆ ಜಾಲವು ನಿರ್ದುಷ್ಟವೆನ್ನಬಹುದು. ಈ ಅಳತೆಯು ಡಿಸ್ಕನ್ನು ಮುಟ್ಟುವುದಿಲ್ಲ. ಇಲ್ಲಿ ಸರಿಯಿದ್ದು ಕಡತಗಳು ಮಾತ್ರ ನಿಧಾನವಾದರೆ ದೋಷವು ಬಹುಮಟ್ಟಿಗೆ ಡಿಸ್ಕಿನದು.

ಆದರೆ ವೇಗವೇ ಸಂರಕ್ಷಣೆಯಲ್ಲ. ಕೆಟ್ಟ ತುಣುಕುಗಳನ್ನು ಗುರುತಿಸಿ ಮರಳಿ ಕಳುಹಿಸುವ ವ್ಯವಸ್ಥೆ ಜಾಲದಲ್ಲಿಯೇ ಇದ್ದರೂ, ಅರ್ಧದಲ್ಲಿ ನಿಂತ ಪ್ರತಿಯನ್ನು ಅದು ಪೂರ್ಣಗೊಳಿಸಲಾರದು. ಮೂಲಕ್ಕೂ ಪ್ರತಿಗೂ ‘ಎಸ್‌ಎಚ್‌ಎ-256’ ಮೊತ್ತವನ್ನು ಲೆಕ್ಕಹಾಕಿ ಹೋಲಿಸಬೇಕು. ಒಂದು ಬಿಟ್ಟು ವ್ಯತ್ಯಾಸವಾದರೂ ಮೊತ್ತಗಳು ಕೂಡುವುದಿಲ್ಲ. ಓಲೆಯ ಪ್ರತಿಯನ್ನು ಮಾತೃಕೆಯೊಡನೆ ಅಕ್ಷರಶಃ ತಾಳೆನೋಡುವ ಸಂಪಾದಕನ ಕೆಲಸವೇ ಇದು. ಎರಡು ಗಂಟೆಯ ಸಾಗಣೆಯ ಬಳಿಕ ಈ ತಾಳೆಗೆ ಯಾರಿಗೂ ತಾಳ್ಮೆಯುಳಿಯದು. ಹನ್ನೆರಡು ನಿಮಿಷದ ಬಳಿಕ ಉಳಿಯುತ್ತದೆ. ತಂತಿಜಾಲದ ನಿಜವಾದ ಪ್ರಯೋಜನವು ಇಲ್ಲಿದೆ. ಮೊತ್ತಗಳು ಕೂಡಿದ ಹೊರತು ಮೂಲವನ್ನು ಅಳಿಸಬಾರದೆಂಬ ಒಂದು ನಿಯಮವು ಅಂದೇ ಪಾಲಿತವಾಗಿದ್ದರೆ, ಸುಣ್ಣದಡಿಯ ಆ ಮೂರು ಸಾಲುಗಳು ಇಂದು ನಮ್ಮಲ್ಲಿ ಉಳಿದಿರುತ್ತಿದ್ದವು.