ಸ್ವತಂತ್ರ ಬರವಣಿಗೆ (ವೃತ್ತಿ)

ಸ್ವತಂತ್ರ ಬರವಣಿಗೆ ಎಂದರೆ ಯಾವುದೇ ಒಂದು ಸಂಸ್ಥೆಯ ಸಂಬಳದ ನೌಕರರಾಗಿರದೆ, ಪತ್ರಿಕೆ, ಪ್ರಕಾಶನ, ಚಲನಚಿತ್ರ, ದೂರದರ್ಶನ, ಜಾಹೀರಾತು ಮುಂತಾದ ಹಲವು ಕ್ಷೇತ್ರಗಳಿಗೆ ಬರೆದು ಜೀವನೋಪಾಯ ಕಂಡುಕೊಳ್ಳುವ ವೃತ್ತಿ. ಈ ವೃತ್ತಿಯಲ್ಲಿರುವವರನ್ನು ಸ್ವತಂತ್ರ ಬರಹಗಾರರು ಎನ್ನುತ್ತಾರೆ. ನೌಕರಿಯಲ್ಲಿರುವ ಬರಹಗಾರರಿಗೆ ತಿಂಗಳ ಸಂಬಳ, ಭವಿಷ್ಯನಿಧಿ, ರಜೆ ಮೊದಲಾದ ಸೌಲಭ್ಯಗಳಿರುತ್ತವೆ. ಸ್ವತಂತ್ರ ಬರಹಗಾರರಿಗೆ ಇವು ಇರುವುದಿಲ್ಲ. ಆದರೆ ತಾವು ಬರೆದ ಕೃತಿಯ ಹಕ್ಕು ಅವರಲ್ಲೇ ಉಳಿಯುತ್ತದೆ. ಈ ಹಕ್ಕೇ ವೃತ್ತಿಯ ಮುಖ್ಯ ಬಂಡವಾಳವಾಗಿದ್ದು, ಅದನ್ನು ಕಾಯ್ದುಕೊಳ್ಳುವ ಕ್ರಮವನ್ನು ಅರಿಯುವುದು ಬರೆಯುವ ಕೌಶಲದಷ್ಟೇ ಅಗತ್ಯವಾದುದು. ಈ ಲೇಖನವು ಮುಖ್ಯವಾಗಿ ಭಾರತದಲ್ಲಿ, ಅದರಲ್ಲೂ ಕನ್ನಡದಲ್ಲಿ, ಈ ವೃತ್ತಿಯ ಸ್ವರೂಪವನ್ನು ಕುರಿತದ್ದಾಗಿದೆ.

ಪದಬಳಕೆ

ಕನ್ನಡ ಪತ್ರಿಕಾರಂಗದಲ್ಲಿ ಇಂತಹವರನ್ನು ಬಹುಕಾಲದಿಂದ ‘ಹವ್ಯಾಸಿ ಬರಹಗಾರ’, ‘ಹವ್ಯಾಸಿ ಪತ್ರಕರ್ತ’ ಎಂದು ಕರೆಯುವ ರೂಢಿಯಿದೆ. ಹವ್ಯಾಸ ಎಂದರೆ ಬಿಡುವಿನ ವೇಳೆಯ ಚಟುವಟಿಕೆ. ಆದುದರಿಂದ ಬರವಣಿಗೆಯನ್ನೇ ಜೀವನಾಧಾರವಾಗಿಸಿಕೊಂಡವರಿಗೆ ಈ ಪದ ಹೊಂದುವುದಿಲ್ಲ. ಬರಹಕ್ಕೆ ನೀಡುವ ಹಣವನ್ನು ‘ಗೌರವಧನ’ ಅಥವಾ ‘ಸಂಭಾವನೆ’ ಎನ್ನುವ ವಾಡಿಕೆಯೂ ಇದೇ ದೃಷ್ಟಿಯಿಂದ ಬಂದುದು. ಗೌರವಧನವು ಕೊಡುವವರ ಇಚ್ಛೆಗೆ ಸೇರಿದ್ದು, ಶುಲ್ಕವಾದರೋ ಮಾಡಿದ ಕೆಲಸಕ್ಕೆ ಸಲ್ಲಬೇಕಾದದ್ದು. ಈ ಎರಡರ ನಡುವಿನ ವ್ಯತ್ಯಾಸ ಸ್ಪಷ್ಟವಾಗಿಲ್ಲದಿರುವುದರಿಂದ, ಬರೆಯುವ ಮೊದಲೇ ಹಣದ ಮಾತನಾಡಲು ಅನೇಕ ಬರಹಗಾರರು ಸಂಕೋಚಪಡುತ್ತಾರೆ.

ಹಿನ್ನೆಲೆ

ಕನ್ನಡದಲ್ಲಿ ಬರವಣಿಗೆಯಿಂದಲೇ ಬದುಕುವ ಪ್ರಯತ್ನಕ್ಕೆ ಒಂದು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು (1902–1997) ಸಂಬಳದ ನೌಕರಿಯನ್ನು ಆಶ್ರಯಿಸದೆ ಕಾದಂಬರಿ, ವಿಶ್ವಕೋಶ, ಮಕ್ಕಳ ಸಾಹಿತ್ಯ ಮೊದಲಾದ ಹಲವು ಪ್ರಕಾರಗಳಲ್ಲಿ ಬರೆದರು. ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯದ ಮೂಲಕ ಸ್ವತಃ ಪ್ರಕಾಶಕರೂ ಆದರು. ಅ.ನ.ಕೃಷ್ಣರಾಯರು (1908–1971) ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿ ವೃತ್ತಿಪರ ಕಾದಂಬರಿಕಾರರೆಂದು ಹೆಸರಾದರು.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಮೊದಲೇ ಕೂಡಿಸಿಕೊಂಡು ಪುಸ್ತಕ ಹೊರತರುವ ಪದ್ಧತಿಯನ್ನು ಬೆಳೆಸಿತು. ಮುಂದೆ ‘ಸುಧಾ’ (1965), ‘ತರಂಗ’ (1983) ಮೊದಲಾದ ವಾರಪತ್ರಿಕೆಗಳ ಧಾರಾವಾಹಿಗಳು ಕಾದಂಬರಿಕಾರರಿಗೆ ವ್ಯಾಪಕವಾದ ಓದುಗವಲಯವನ್ನು ಒದಗಿಸಿದವು. ಕಾದಂಬರಿ ಆಧಾರಿತ ಚಲನಚಿತ್ರಗಳ ಕಾಲದಲ್ಲಿ ಒಂದೇ ಕೃತಿ ಹಲವು ರೂಪಗಳಲ್ಲಿ ಬೆಲೆಯುಳ್ಳದ್ದಾಗಬಹುದೆಂಬುದು ಸ್ಪಷ್ಟವಾಯಿತು. ತ.ರಾ.ಸುಬ್ಬರಾಯರ ಮೂರು ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ (1972) ಚಿತ್ರವು ಬಳಿಕ ಹಿಂದಿ, ತೆಲುಗು ಮತ್ತು ತಮಿಳಿನಲ್ಲೂ ತೆರೆಗೆ ಬಂದುದು ಇದಕ್ಕೆ ಪ್ರಸಿದ್ಧ ನಿದರ್ಶನ.

ಕೆಲಸದ ಬಗೆಗಳು

ಇಂದು ಸ್ವತಂತ್ರ ಬರಹಗಾರರ ಆದಾಯವು ಸಾಮಾನ್ಯವಾಗಿ ಒಂದೇ ಮೂಲದಿಂದ ಬರುವುದಿಲ್ಲ. ಪ್ರಮುಖ ಕ್ಷೇತ್ರಗಳು ಹೀಗಿವೆ:

• ಪತ್ರಿಕಾ ಬರಹ: ಲೇಖನ, ಅಂಕಣ, ಸಂದರ್ಶನ, ಪುಸ್ತಕ ವಿಮರ್ಶೆ, ಕಥೆ.
• ಅನುವಾದ: ಪುಸ್ತಕ, ಪಠ್ಯ, ಸರ್ಕಾರಿ ದಾಖಲೆ, ಮೊಬೈಲ್ ಆ್ಯಪ್‌ಗಳ ಕನ್ನಡ ಪಠ್ಯ, ಉಪಶೀರ್ಷಿಕೆ.
• ದೃಶ್ಯ ಮಾಧ್ಯಮ: ಧಾರಾವಾಹಿ ಮತ್ತು ಚಲನಚಿತ್ರಗಳ ಚಿತ್ರಕಥೆ, ಸಂಭಾಷಣೆ, ಗೀತೆ, ಡಬ್ಬಿಂಗ್ ಸಾಹಿತ್ಯ.
• ಜಾಹೀರಾತು ಮತ್ತು ಸಂಸ್ಥೆಗಳ ಬರಹ: ಘೋಷವಾಕ್ಯ, ಕೈಪಿಡಿ, ವಾರ್ಷಿಕ ವರದಿ.
• ಪುಸ್ತಕ: ಸ್ವಂತ ಕೃತಿ, ಇತರರ ಆತ್ಮಕಥೆಯ ನಿರೂಪಣೆ, ಸಂಸ್ಥೆಗಳ ಇತಿಹಾಸ, ಸ್ಮರಣ ಸಂಚಿಕೆಗಳ ಸಂಪಾದನೆ.

ಇವುಗಳಲ್ಲಿ ಅನುವಾದ, ಜಾಹೀರಾತು ಮತ್ತು ಧಾರಾವಾಹಿ ಸಂಭಾಷಣೆ ತಕ್ಕಮಟ್ಟಿಗೆ ನಿಯತವಾದ ಆದಾಯ ತರಬಲ್ಲವು. ಪತ್ರಿಕಾ ಬರಹದಿಂದ ಹೆಸರು ಪರಿಚಿತವಾಗುತ್ತದೆ. ಪುಸ್ತಕವು ನಿಧಾನವಾಗಿ, ಆದರೆ ದೀರ್ಘಕಾಲ ಫಲ ನೀಡಬಲ್ಲದು. ಆದ್ದರಿಂದ ಇವೆಲ್ಲವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೊಂದಿಸಿಕೊಳ್ಳುವುದು ರೂಢಿ.

ವೃತ್ತಿಯ ಆರಂಭ

ಹೊಸದಾಗಿ ಬರೆಯುವವರು ತಮಗೆ ಚೆನ್ನಾಗಿ ತಿಳಿದಿರುವ ಒಂದೆರಡು ವಿಷಯಗಳನ್ನು ಆಯ್ದುಕೊಳ್ಳುವುದು ಪ್ರಯೋಜನಕರ. ಕೃಷಿ, ಆರೋಗ್ಯ, ಕಾನೂನು, ವಿಜ್ಞಾನ, ಸಂಗೀತ, ಸ್ಥಳೀಯ ಇತಿಹಾಸ ಮುಂತಾದ ವಿಷಯಗಳಲ್ಲಿ ಪರಿಣತಿ ಇರುವವರನ್ನು ಸಂಪಾದಕರು ತಾವಾಗಿಯೇ ನೆನಪಿಸಿಕೊಳ್ಳುತ್ತಾರೆ. ಪ್ರಕಟಿತ ಬರಹಗಳನ್ನು ದಿನಾಂಕ ಮತ್ತು ಪತ್ರಿಕೆಯ ಹೆಸರಿನೊಂದಿಗೆ ಕ್ರಮವಾಗಿ ಸಂಗ್ರಹಿಸಿಟ್ಟುಕೊಂಡರೆ ಮುಂದಿನ ಕೆಲಸ ಕೇಳುವಾಗ ಮಾದರಿಯಾಗಿ ತೋರಿಸಬಹುದು.

ಪತ್ರಿಕೆಗೆ ಪೂರ್ಣ ಲೇಖನ ಕಳುಹಿಸುವ ಮೊದಲು ವಿಷಯ, ಅದರ ಪ್ರಸ್ತುತತೆ, ಪದಮಿತಿ ಮತ್ತು ಬರೆದುಕೊಡುವ ದಿನಾಂಕಗಳನ್ನು ತಿಳಿಸುವ ಚಿಕ್ಕ ಪ್ರಸ್ತಾವವನ್ನು ಕಳುಹಿಸುವುದುಂಟು. ಕೃತಿಸ್ವಾಮ್ಯದ ರಕ್ಷಣೆ ದೊರೆಯುವುದು ಬರಹದ ರೂಪಕ್ಕೆ ಮಾತ್ರವೇ ಹೊರತು ಕೇವಲ ಕಲ್ಪನೆಗಲ್ಲ; ಆದುದರಿಂದ ಪ್ರಸ್ತಾವವನ್ನು ಇಮೇಲ್‌ನಂತಹ ಲಿಖಿತ ರೂಪದಲ್ಲಿ ಕಳುಹಿಸಿ ಪ್ರತಿಯನ್ನು ಇಟ್ಟುಕೊಳ್ಳುವುದು ಸೂಕ್ತ. ಯುಗಾದಿ ಮತ್ತು ದೀಪಾವಳಿ ವಿಶೇಷಾಂಕಗಳ ಸಿದ್ಧತೆ ಹಬ್ಬಕ್ಕೆ ಬಹಳ ಮುಂಚೆಯೇ ನಡೆಯುವುದರಿಂದ ಅವುಗಳಿಗೆ ಬರೆಯುವವರು ಮುಂದಾಗಿ ಯೋಜಿಸಬೇಕಾಗುತ್ತದೆ. ಒಂದೇ ಬರಹವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸುವುದು ವಿಶ್ವಾಸಕ್ಕೆ ಧಕ್ಕೆ ತರುತ್ತದೆ.

ತಾಂತ್ರಿಕ ಸಿದ್ಧತೆಯೂ ಅಗತ್ಯ. ಕೆಲವು ಕಚೇರಿಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸವನ್ನು, ಇನ್ನು ಕೆಲವು ಯೂನಿಕೋಡ್ ಪಠ್ಯವನ್ನು ಕೇಳುತ್ತವೆ. ಒಂದರಿಂದ ಮತ್ತೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರಗಳು ಕೆಡುವ ಸಂಭವವಿರುವುದರಿಂದ ಪರಿವರ್ತನೆಯ ನಂತರ ಕರಡು ತಿದ್ದುವುದು ಅವಶ್ಯಕ.

ದರ ಮತ್ತು ಒಪ್ಪಂದ

ಶುಲ್ಕವನ್ನು ಪದ, ಪುಟ, ಲೇಖನ, ಧಾರಾವಾಹಿಯ ಕಂತು ಅಥವಾ ಇಡೀ ಕೆಲಸದ ಲೆಕ್ಕದಲ್ಲಿ ನಿಗದಿಪಡಿಸಲಾಗುತ್ತದೆ. ತನ್ನ ದರವನ್ನು ಅರಿಯಲು ಬರಹಗಾರರು ಮೊದಲು ತಮ್ಮ ಖರ್ಚನ್ನು ಅರಿಯಬೇಕು. ಉದಾಹರಣೆಗೆ, ತೆರಿಗೆ ಮತ್ತು ಉಳಿತಾಯವೂ ಸೇರಿ ತಿಂಗಳಿಗೆ 30,000 ರೂಪಾಯಿ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಓದು, ಓಡಾಟ, ಪತ್ರವ್ಯವಹಾರಗಳಿಗೆ ಸಮಯ ಕಳೆದು ತಿಂಗಳಲ್ಲಿ 15 ದಿನ ಮಾತ್ರ ಹಣ ಬರುವ ಬರವಣಿಗೆಗೆ ದೊರೆತರೆ, ಒಂದು ದಿನದ ಕೆಲಸಕ್ಕೆ 2,000 ರೂಪಾಯಿ ಬರಬೇಕು. ಎರಡು ದಿನ ತೆಗೆದುಕೊಳ್ಳುವ ಲೇಖನಕ್ಕೆ 1,000 ರೂಪಾಯಿ ಬರುವುದಾದರೆ ಉಳಿದ 3,000 ರೂಪಾಯಿಯನ್ನು ಬೇರೆ ಕೆಲಸದಿಂದ ತುಂಬಿಕೊಳ್ಳಬೇಕಾಗುತ್ತದೆ. ಅಂತಹ ಲೇಖನವನ್ನು ಬರೆಯಬಾರದೆಂದಲ್ಲ. ಆ ಕೊರತೆಯನ್ನು ತಿಳಿದೇ ಬರೆಯಬೇಕು.

ಅನುವಾದದಲ್ಲಿ ಪದಗಳನ್ನು ಯಾವ ಭಾಷೆಯಲ್ಲಿ ಎಣಿಸಲಾಗುತ್ತದೆ ಎಂಬುದು ಮುಖ್ಯ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ನಾಮಪದಕ್ಕೆ ಸೇರಿಕೊಳ್ಳುತ್ತವೆ. ಇಂಗ್ಲಿಷಿನ ‘ಇನ್ ದ ಹೌಸ್’ ಎಂಬ ಮೂರು ಪದಗಳು ಕನ್ನಡದಲ್ಲಿ ‘ಮನೆಯಲ್ಲಿ’ ಎಂಬ ಒಂದೇ ಪದವಾಗುತ್ತವೆ. ಹೀಗಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವವರಿಗೆ ಕನ್ನಡ ಪದಗಳನ್ನು ಎಣಿಸಿ ಹಣ ನೀಡಿದರೆ ನಷ್ಟವಾಗುತ್ತದೆ. ದರವು ಮೂಲಪಠ್ಯದ ಪದಗಳಿಗೆ ಅನ್ವಯಿಸುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಇದಕ್ಕೆ ಪರಿಹಾರ.

ಒಪ್ಪಂದವು ದೀರ್ಘವಾಗಿರಬೇಕಾದ ಅಗತ್ಯವಿಲ್ಲ. ಕೆಲಸದ ವ್ಯಾಪ್ತಿ, ಸಲ್ಲಿಸುವ ದಿನಾಂಕ, ಶುಲ್ಕ, ಮುಂಗಡ, ಹಣ ಪಾವತಿಯ ಅವಧಿ, ಎಷ್ಟು ಬಾರಿ ತಿದ್ದಿಕೊಡಬೇಕು, ಕೆಲಸ ನಡುವೆ ನಿಂತರೆ ಎಷ್ಟು ಹಣ ಸಲ್ಲಬೇಕು, ಯಾವ ಹಕ್ಕನ್ನು ಕೊಡಲಾಗುತ್ತಿದೆ ಎಂಬ ಅಂಶಗಳು ಅದರಲ್ಲಿರಬೇಕು.

ಕೃತಿಸ್ವಾಮ್ಯ

ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಸಾಮಾನ್ಯವಾಗಿ ಕೃತಿಯನ್ನು ರಚಿಸಿದವರೇ ಅದರ ಮೊದಲ ಹಕ್ಕುದಾರರು. ನೋಂದಣಿ ಮಾಡಿಸದಿದ್ದರೂ ಈ ಹಕ್ಕು ಇರುತ್ತದೆ. ನೌಕರಿಯ ಭಾಗವಾಗಿ ಬರೆದ ಬರಹಗಳಿಗೆ ಬೇರೆ ನಿಯಮವಿದೆ. ನೌಕರರಲ್ಲದ ಬರಹಗಾರರ ಹಕ್ಕು ಲಿಖಿತ ಒಪ್ಪಂದವಿಲ್ಲದೆ ಪತ್ರಿಕೆಗೋ ಪ್ರಕಾಶಕರಿಗೋ ವರ್ಗಾವಣೆಯಾಗುವುದಿಲ್ಲ. ಹಕ್ಕಿನ ವರ್ಗಾವಣೆಗೆ ಸಂಬಂಧಿಸಿದ ಮುಖ್ಯ ನಿಯಮಗಳು:

• ವರ್ಗಾವಣೆಯು ಲಿಖಿತವಾಗಿದ್ದು ಸಹಿಯನ್ನು ಹೊಂದಿರಬೇಕು.
• ಅವಧಿಯನ್ನು ನಮೂದಿಸದಿದ್ದರೆ ಅದನ್ನು 5 ವರ್ಷವೆಂದು ಪರಿಗಣಿಸಲಾಗುತ್ತದೆ.
• ಪ್ರದೇಶವನ್ನು ನಮೂದಿಸದಿದ್ದರೆ ಅದು ಭಾರತಕ್ಕೆ ಸೀಮಿತವಾಗುತ್ತದೆ.
• ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದ ಪಕ್ಷದಲ್ಲಿ, ವರ್ಗಾವಣೆ ರದ್ದಾಗುತ್ತದೆ.
• ಕಾಯ್ದೆಯ 2012ರ ತಿದ್ದುಪಡಿಯಂತೆ, ಒಪ್ಪಂದದ ಕಾಲದಲ್ಲಿ ಬಳಕೆಯಲ್ಲಿಲ್ಲದ ಹೊಸ ಮಾಧ್ಯಮಕ್ಕೆ, ಅದನ್ನು ನಿರ್ದಿಷ್ಟವಾಗಿ ಉಲ್ಲೇಖಿಸದ ಹೊರತು, ಹಕ್ಕಿನ ವರ್ಗಾವಣೆ ಅನ್ವಯಿಸುವುದಿಲ್ಲ.

ಮುದ್ರಣ, ಅನುವಾದ, ನಾಟಕ, ಚಲನಚಿತ್ರ, ಇ-ಪುಸ್ತಕ, ಕೇಳುಪುಸ್ತಕ ಇವೆಲ್ಲವುಗಳ ಹಕ್ಕನ್ನು ಬಿಡಿಬಿಡಿಯಾಗಿ ನೀಡಬಹುದು. ‘ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ’ ಬಿಟ್ಟುಕೊಡುವ ಒಂದು ಸಾಲಿಗೆ ಸಹಿ ಹಾಕಿದರೆ ಮುಂದಿನ ಎಲ್ಲ ಆದಾಯದ ದಾರಿಗಳೂ ಮುಚ್ಚಬಹುದು. ಹಕ್ಕನ್ನು ವರ್ಗಾಯಿಸಿದ ನಂತರವೂ ಕೃತಿಯ ಕರ್ತೃ ತಾನೆಂದು ಹೇಳಿಕೊಳ್ಳುವ ಹಕ್ಕನ್ನೂ, ಕೃತಿಯನ್ನು ವಿರೂಪಗೊಳಿಸಿ ತನ್ನ ಗೌರವಕ್ಕೆ ಕುಂದು ತರುವುದನ್ನು ತಡೆಯುವ ಹಕ್ಕನ್ನೂ ಕಾಯ್ದೆಯ 57ನೆಯ ಕಲಮು ಕರ್ತೃವಿಗೆ ನೀಡುತ್ತದೆ.

ಕರ್ತೃವಿನ ಜೀವಿತಾವಧಿ ಮತ್ತು ನಿಧನದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. 1963ರಲ್ಲಿ ನಿಧನರಾದ ಕಾದಂಬರಿಗಾರ್ತಿ ತ್ರಿವೇಣಿಯವರ ‘ಬೆಳ್ಳಿ ಮೋಡ’ ಚಲನಚಿತ್ರವಾದದ್ದು 1967ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಕೃತಿಸ್ವಾಮ್ಯ 2023ರ ಕೊನೆಯವರೆಗೂ ಇತ್ತು. ಬರಹಗಾರರು ತೀರಿಕೊಂಡ ಮೇಲೂ ಕೃತಿಗಳು ಕುಟುಂಬದ ಆಸ್ತಿಯಾಗಿ ಉಳಿಯುವುದರಿಂದ, ಒಪ್ಪಂದಪತ್ರಗಳನ್ನು ಜೋಪಾನವಾಗಿಡುವುದು ಮತ್ತು ಉಯಿಲಿನಲ್ಲಿ ಕೃತಿಗಳ ಹಕ್ಕನ್ನು ನಮೂದಿಸುವುದು ಉಚಿತ.

ಹಣಕಾಸು ನಿರ್ವಹಣೆ

ಸ್ವತಂತ್ರ ಬರಹಗಾರರ ಶುಲ್ಕವನ್ನು ಸಾಮಾನ್ಯವಾಗಿ ವೃತ್ತಿಯ ಆದಾಯವೆಂದು ಪರಿಗಣಿಸಲಾಗುತ್ತದೆ. ಸಂಸ್ಥೆಗಳು ವೃತ್ತಿಶುಲ್ಕ ಅಥವಾ ರಾಯಧನ ನೀಡುವಾಗ, ವರ್ಷದ ಮೊತ್ತ ನಿಗದಿತ ಮಿತಿ ಮೀರಿದರೆ, ಟಿಡಿಎಸ್ ರೂಪದಲ್ಲಿ ಸಾಮಾನ್ಯವಾಗಿ ಶೇ. 10ರಷ್ಟನ್ನು ಹಿಡಿದುಕೊಳ್ಳುತ್ತವೆ. 2025ರ ಏಪ್ರಿಲ್‌ನಿಂದ ಈ ಮಿತಿಯನ್ನು 30,000ದಿಂದ 50,000 ರೂಪಾಯಿಗೆ ಏರಿಸಲಾಯಿತು. ಒಟ್ಟು ತೆರಿಗೆ ಇದಕ್ಕಿಂತ ಕಡಿಮೆಯಿದ್ದರೆ ವಿವರಪಟ್ಟಿ ಸಲ್ಲಿಸಿ ಹೆಚ್ಚುವರಿ ಹಣವನ್ನು ಮರಳಿ ಪಡೆಯಬಹುದು. ಪುಸ್ತಕ, ಪ್ರಯಾಣ, ಅಂತರಜಾಲ, ಕಂಪ್ಯೂಟರ್ ಮೊದಲಾದ ವೃತ್ತಿಸಂಬಂಧಿ ಖರ್ಚುಗಳ ರಸೀದಿಗಳನ್ನು ಇಟ್ಟುಕೊಳ್ಳಬೇಕು.

ಹಣ ಬರುವ ದಿನ ಅನಿಶ್ಚಿತವಾದ್ದರಿಂದ ಕೆಲವು ತಿಂಗಳ ಖರ್ಚಿಗಾಗುವಷ್ಟು ಆಪದ್ಧನ, ಆರೋಗ್ಯ ವಿಮೆ ಮತ್ತು ಸಾರ್ವಜನಿಕ ಭವಿಷ್ಯನಿಧಿ ಅಥವಾ ರಾಷ್ಟ್ರೀಯ ಪಿಂಚಣಿ ಯೋಜನೆಯಂತಹ ಉಳಿತಾಯ ಅಗತ್ಯ. ಕಳುಹಿಸಿದ ಬರಹ, ಪ್ರಕಟವಾದ ದಿನಾಂಕ, ಬರಬೇಕಾದ ಹಣ, ಬಂದ ಹಣ ಇವಿಷ್ಟನ್ನು ಬರೆದಿಡುವ ಒಂದು ಲೆಕ್ಕಪುಸ್ತಕವಿದ್ದರೆ ಬಾಕಿಯನ್ನು ಖಚಿತವಾಗಿ ಕೇಳಲು ಸಾಧ್ಯವಾಗುತ್ತದೆ.

ಸಮಸ್ಯೆಗಳು

ಪಾವತಿಯಲ್ಲಿ ವಿಳಂಬ, ಮೌಖಿಕ ಒಪ್ಪಂದ, ಅನುಮತಿಯಿಲ್ಲದ ಮರುಬಳಕೆ, ಹೆಸರಿಲ್ಲದ ಪ್ರಕಟಣೆ ಮತ್ತು ಏಕಾಂತದ ದುಡಿಮೆ ಈ ವೃತ್ತಿಯ ಸಾಮಾನ್ಯ ತೊಂದರೆಗಳು. ಪುಸ್ತಕದ ರಾಯಧನದ ಬದಲು ಕೆಲವು ಗೌರವ ಪ್ರತಿಗಳನ್ನಷ್ಟೇ ನೀಡುವುದೂ ಉಂಟು. ಎಷ್ಟು ಪ್ರತಿಗಳು ಅಚ್ಚಾದವು, ಎಷ್ಟು ಮಾರಾಟವಾದವು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಕೊಡಬೇಕೆಂಬ ಷರತ್ತು ಒಪ್ಪಂದದಲ್ಲಿ ಇಲ್ಲದಿದ್ದರೆ, ರಾಯಧನದ ಪ್ರಮಾಣ ಎಷ್ಟೇ ಇದ್ದರೂ ಅದು ಕಾಗದದ ಮೇಲೆಯೇ ಉಳಿಯಬಹುದು. ಈ ಕಾರಣಗಳಿಂದ, ಮೊದಲ ಕೆಲವು ವರ್ಷ ಬೇರೊಂದು ಆದಾಯವನ್ನು ಇಟ್ಟುಕೊಂಡು, ಬರವಣಿಗೆಯ ಗಳಿಕೆ ಸ್ಥಿರವಾದ ಬಳಿಕ ಪೂರ್ಣಾವಧಿಗೆ ತೊಡಗುವವರೇ ಹೆಚ್ಚು.

ಇವನ್ನೂ ನೋಡಿ

• ಕೃತಿಸ್ವಾಮ್ಯ
• ರಾಯಧನ
• ಅನುವಾದ
• ಪತ್ರಿಕೋದ್ಯಮ