ಮಳೆಗಾಲದ ಬಾವಿನೀರು ಮತ್ತು ಕ್ಲೋರಿನ್

ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಒಂದೇ ಗುಂಪಿನ ಧಾತುಗಳು. ಅನ್ಯ ವಸ್ತುವಿನಿಂದ ಎಲೆಕ್ಟ್ರಾನ್ ಸೆಳೆಯುವ ಇವುಗಳ ಶಕ್ತಿ ಫ್ಲೋರಿನ್‌ನಲ್ಲಿ ಅತ್ಯಧಿಕ. ಅಯೋಡಿನ್‌ನ ಕಡೆಗೆ ಇಳಿಯುತ್ತ ಹೋಗುತ್ತದೆ. ಕ್ಲೋರಿನ್ ರೋಗಾಣುಗಳನ್ನು ನಾಶಪಡಿಸುವುದು ಈ ಗುಣದಿಂದಲೇ. ಆದರೆ ಅದು ರೋಗಾಣುವನ್ನಷ್ಟೇ ಹುಡುಕಿ ಹೋಗುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೆರೆದ ಬಾವಿಗಳಿಗೆ ಮಳೆಗಾಲದಲ್ಲಿ ಸೇರುವ ಕೊಳೆತ ಎಲೆಯೊಡನೆಯೂ ವರ್ತಿಸಿ ವ್ಯಯವಾಗುತ್ತದೆ. ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಎಂಬ ವಾಡಿಕೆಯ ಪ್ರಮಾಣ ತಿಳಿನೀರಿಗೆ ಸಾಕು, ಕದಡಿದ ನೀರಿಗೆ ಸಾಲದು. ಅದೂ ಪುಡಿ ಹೊಸದಾಗಿದ್ದರೆ ಮಾತ್ರ; ಬಾಯಿ ತೆರೆದಿಟ್ಟ ಚೀಲದಲ್ಲಿ ಮಲೆನಾಡಿನ ತೇವಕ್ಕೆ ಕ್ಲೋರಿನ್ ಹಾರಿಹೋಗುತ್ತದೆ. ಪುಡಿ ಬೆರೆಸಿದ ಅರ್ಧ ಗಂಟೆಯ ನಂತರವೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ವ್ಯಯವಾಗದೆ ಉಳಿದಿರಬೇಕು. ಆದ್ದರಿಂದ ಸದಸ್ಯರು ನೀರುಗಂಟಿಯವರಲ್ಲಿ ಎಷ್ಟು ಪುಡಿ ಹಾಕಲಾಗಿದೆ ಎನ್ನುವುದಕ್ಕಿಂತ, ಕೊನೆಯ ನಲ್ಲಿಯಲ್ಲಿ ಎಷ್ಟು ಉಳಿದಿದೆ ಎಂದು ವಿಚಾರಿಸುವುದು ಸೂಕ್ತ.